ಬಸಮ್ಮನ ಕಿವಿ ಮತ್ತು ಬಿಸಿನೀರು

ಇವತ್ತು ಬೆಳಿಗ್ಗೆ ಜಗುಲಿಯಲ್ಲಿ ಪೇಪರು ಓದುತ್ತ ಕೂತಿದ್ದೆ. ಒಳಗೆ ಹೆಂಡತಿ ಪಾತ್ರೆಯಿಂದ ತಂಬಿಗೆಗೆ ನೀರು ಸುರಿದಳು. ನಾನು ತಲೆ ಎತ್ತದೆಯೇ, “ಇನ್ನಾ ಕಾದಿಲ್ಲ, ಮತ್ತ ಒಲಿ ಮ್ಯಾಲೆ ಇಡು” ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಅಲ್ಲೇ ಕುಂತು ಹೆಂಗ ಗೊತ್ತಾತ್ರಿ?”

“ಸದ್ದಿನ ಮ್ಯಾಲೆ.”

“ಮುಂಜಾನೆದ್ದ ಕೂಡಲೇ ಶುರು ಆತು ನಿಮ್ಮ ವಿಜ್ಞಾನ” ಎಂದು ಒಳಗೆ ಹೋದಳು. ಆದರೆ ಒಲೆ ಹೊತ್ತಿಸಿದ್ದೂ ಕೇಳಿಸಿತು.

ನಿಮ್ಮಲ್ಲಿ ಮುಚ್ಚಿಡುವುದೇಕೆ, ಇದು ನನ್ನ ಸ್ವಂತ ವಿದ್ಯೆಯಲ್ಲ. ಗಂಗಾವತಿಯ ಕಾಲೇಜಿನಲ್ಲಿ ಇಷ್ಟು ವರ್ಷ ಭೌತಶಾಸ್ತ್ರ ಹೇಳಿಕೊಂಡು ಬಂದ ನನಗೆ ಇದನ್ನು ಕಲಿಸಿದವಳು ಯಲಬುರ್ಗಾ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಬಸಮ್ಮ.

ಆಗ ನನಗೊಂದು ಹುಚ್ಚಿತ್ತು. ಎರಡನೇ ಶನಿವಾರ ಬಂತೆಂದರೆ ಪ್ರೊಜೆಕ್ಟರನ್ನು ಬೈಕಿಗೆ ಕಟ್ಟಿಕೊಂಡು ಯಾವುದಾದರೂ ಊರಿಗೆ ಹೋಗಿ ಹೊಸ ಸಂಶೋಧನೆಗಳ ಬಗ್ಗೆ ಭಾಷಣ ಮಾಡುವುದು. ನಮ್ಮ ಜನಕ್ಕೆ ವಿಜ್ಞಾನ ತಲುಪಬೇಕು, ತಲುಪಿಸಲು ನನ್ನನ್ನು ಬಿಟ್ಟರೆ ಇನ್ನಾರಿದ್ದಾರೆ ಎಂಬ ಧಾಟಿ. ಕಾರಟಗಿಯಲ್ಲಿ ಅಕ್ಕಿ ಗಿರಣಿಯವರನ್ನು ಕೂಡಿಸಿಕೊಂಡು ಒಂದೂವರೆ ತಾಸು ಆಕಾಶದ ಕಪ್ಪುಕುಳಿಗಳ ಬಗ್ಗೆ ಮಾತಾಡಿದೆ. ಮುಗಿದ ಮೇಲೆ ಹಿರಿಯ ವ್ಯಾಪಾರಿಯೊಬ್ಬರು ಕೈ ಹಿಡಿದುಕೊಂಡು, “ಭಾಳ ಛಲೋ ಮಾತಾಡಿದ್ರಿ ಸರ್. ಒಂದೂ ತಿಳೀಲಿಲ್ಲ” ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಕುರ್ಚಿ ಮೆತ್ತಗಿತ್ತು, ಫ್ಯಾನ್ ಇತ್ತು.

ಬಸಮ್ಮನ ಊರಿಗೆ ಹೋದ ದಿನ ಕರೆಂಟಿರಲಿಲ್ಲ. ಪ್ರೊಜೆಕ್ಟರು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಶಾಲೆಯ ಅಂಗಳದಲ್ಲಿ ಮಕ್ಕಳು, ಅವರ ತಾಯಂದಿರು, ಬೇವಿನ ಗಿಡದ ಕೆಳಗೆ ಒಂದಿಷ್ಟು ಹಿರಿಯರು ಕಾಯುತ್ತಿದ್ದರು. “ಬಾಯಿಲೇನರ ಹೇಳ್ರಿ ಸರ್, ಮಂದಿ ಎದ್ದು ಹೊಂಟಾರ” ಎಂದು ಹೆಡ್‌ಮಾಸ್ತರರು ಪಿಸುಗುಟ್ಟಿದರು. ಗಾಬರಿಯಲ್ಲಿ ನನಗೆ ಹೊಳೆದದ್ದು ಎಲ್ಲೋ ಓದಿದ್ದ ಒಂದು ವಿಷಯ. ಸುರಿಯುವ ನೀರು ಬಿಸಿಯೋ ತಣ್ಣಗೋ ಎಂಬುದನ್ನು ಮನುಷ್ಯರು ಬರೀ ಸದ್ದಿನಿಂದ ಹೇಳಬಲ್ಲರೆಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಅದನ್ನೇ ದೊಡ್ಡ ಗುಟ್ಟು ಬಿಚ್ಚುವವನಂತೆ ದನಿ ತಗ್ಗಿಸಿ ಹೇಳಿದೆ.

ಅಡುಗೆಕೋಣೆಯ ಬಾಗಿಲಿನಿಂದ ಒಬ್ಬ ಹೆಂಗಸಿನ ನಗು ಕೇಳಿತು. ಅವಳೇ ಬಸಮ್ಮ. “ಅದರಾಗೇನೈತ್ರಿ ಸರ್? ತಣ್ಣೀರು ಚಟಚಟ ಅಂತೈತಿ, ಬಿಸಿನೀರು ಬಾಯಾಗ ಅರಿವಿ ತುರುಕಿದಂಗ ಮೆತ್ತಗ ಬೀಳ್ತೈತಿ. ಇದನ್ನ ತಿಳ್ಕೊಳ್ಳಾಕ ವಿಜ್ಞಾನಿ ಆಗಬೇಕೇನು?”

ಜನ ಗೊಳ್ಳೆಂದು ನಕ್ಕರು. ನನಗೆ ಅವಮಾನವಾಯಿತೆಂದು ಹೇಳಬೇಕು, ಆದರೆ ಅದಕ್ಕೂ ಪುರುಸೊತ್ತಾಗಲಿಲ್ಲ. ಎದ್ದು ಹೊರಟವರು ತಿರುಗಿ ಬಂದು ಕೂತಿದ್ದರು. “ಹಂಗಾದ್ರ ನೋಡೇ ಬಿಡೋಣ” ಎಂದೆ. ಎರಡು ಕೊಡಗಳಲ್ಲಿ ನೀರು ತಂದೆವು, ಒಂದು ತಣ್ಣೀರು, ಒಂದು ಒಲೆಯ ಮೇಲಿಂದ ಇಳಿಸಿದ್ದು. ಟವೆಲಿನಿಂದ ಕಣ್ಣು ಕಟ್ಟಿ ದೂರ ಕೂಡಿಸಿ, ಹೆಡ್‌ಮಾಸ್ತರರು ಒಂದೊಂದೇ ಚೊಂಬು ಬಕೆಟ್ಟಿಗೆ ಸುರಿಯುವುದು. ಗಿಡದ ಕೆಳಗಿನ ಹಿರಿಯರು ತಾವೇ ಮುಂದೆ ಬಂದರು. ತಮ್ಮ ಕಿವಿಗೆ ಇಷ್ಟು ತಿಳಿಯುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಸರಿ ಹೇಳಿದಾಗಲೆಲ್ಲ ಮಕ್ಕಳಂತೆ ಚಪ್ಪಾಳೆ ಹೊಡೆದರು. ಬಸಮ್ಮ ಹತ್ತಕ್ಕೆ ಹತ್ತೂ ಸರಿ ಹೇಳಿದಳು. ನಡುವೆ ಹೆಡ್‌ಮಾಸ್ತರರು ಎರಡೂ ಕೊಡದ ನೀರು ಬೆರೆಸಿ ಮೋಸ ಮಾಡಿದರೆ, “ಇದು ಕೂಸಿನ ಜಳಕದ ನೀರು” ಎಂದುಬಿಟ್ಟಳು.

ಗೆದ್ದವಳಿಗೆ ಒಂದು ಸ್ಟೀಲ್ ಡಬ್ಬಿ ಬಹುಮಾನ. ಟವೆಲು ಬಿಚ್ಚಿದ ಮೇಲೆ ಹೆಡ್‌ಮಾಸ್ತರರು ಡಬ್ಬಿ ಚಾಚಿದರು. ಬಸಮ್ಮ ಕೈ ಮುಂದೆ ಮಾಡಿದಳು, ಡಬ್ಬಿಯಿಂದ ಒಂದು ಗೇಣು ಆಚೆಗೆ. ಗಾಳಿಯಲ್ಲಿ ತಡಕಾಡಿ, ನಗುವಿನಲ್ಲಿ ಅದನ್ನು ಮುಚ್ಚಿಕೊಂಡು, ಡಬ್ಬಿ ಹಿಡಿದು ಒಳಗೆ ನಡೆದಳು. ಚಪ್ಪಾಳೆಯ ಗದ್ದಲದಲ್ಲಿ ಯಾರೂ ನೋಡಲಿಲ್ಲ. ನಾನು ನೋಡಿದೆ.

ಅಡುಗೆಕೋಣೆಗೆ ಹೋದೆ. ಅವಳು ಕುದಿಯುವ ಬೇಳೆಯ ಹತ್ತಿರ ತಲೆ ಓರೆ ಮಾಡಿ ನಿಂತಿದ್ದಳು, ಯಾರದೋ ಮಾತು ಆಲಿಸುವವಳಂತೆ.

“ಅಕ್ಕಾ, ಕಣ್ಣು ಎಷ್ಟು ದಿನದಿಂದ ಕಾಣವಲ್ದು?”

ಸೌಟು ನಿಂತಿತು. “ಎರಡು ವರ್ಷ ಆತ್ರಿ. ಪೊರಿ ಬಂದೈತಿ” ಎಂದಳು. “ಬೆಳಕು, ನೆರಳು ಗೊತ್ತಾಗ್ತೈತಿ. ಬ್ಯಾಳಿ ಸದ್ದಿನ ಮ್ಯಾಲೆ ನೋಡ್ತೀನಿ, ಅನ್ನ ವಾಸನಿ ಮ್ಯಾಲೆ. ಯಾರ ಮುಂದನೂ ಹೇಳಬ್ಯಾಡ್ರಿ ಸರ್, ಕೆಲಸ ಹೋಗ್ತೈತಿ.”

ಊರಿನವರೆದುರು ನಾನು ಮೆರೆಸಿದ ಆ ಕಿವಿಯ ಹಿಂದೆ ಇಂಥ ಕಷ್ಟ ಇತ್ತೆಂದು ತಿಳಿದು ನನ್ನ ಮುಖ ಬಿಸಿಯಾಯಿತು. ಹೇಳದೆ ಇದ್ದರೆ ಒಂದು ದಿನ ಆ ಕುದಿಯುವ ಪಾತ್ರೆ ಅವಳ ಮೇಲೋ ಮಕ್ಕಳ ಮೇಲೋ ಮಗುಚಬಹುದು. ಹೇಳಿದರೆ ಅವಳ ಅನ್ನಕ್ಕೇ ಕುತ್ತು. “ಆಪರೇಶನ್ ಯಾಕ ಮಾಡಿಸ್ಲಿಲ್ಲ?” ಎಂದು ಕೇಳಿದೆ.

“ಕಣ್ಣಾಗ ಕತ್ತರಿ ಹಾಕ್ತಾರಂತ್ರಿ. ನಂದಿಬಟ್ಟಲ ಹೂವಿನ ರಸ ಬಿಡಾಕತ್ತೀನಿ, ಇವತ್ತಲ್ಲ ನಾಳಿ ತಿಳಿ ಆಗ್ತೈತಿ.”

ನನ್ನ ಬಾಯಿಗೆ ಬಂದದ್ದು ಪಠ್ಯಪುಸ್ತಕ. ಮಸೂರ, ಪ್ರೋಟೀನು, ಪಾರದರ್ಶಕತೆ. ಅಷ್ಟರಲ್ಲಿ ಮಕ್ಕಳಿಗೆಂದು ಬೇಯಿಸಿದ ತತ್ತಿಗಳ ಬುಟ್ಟಿ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಹಸಿಯವೂ ಇದ್ದವು. ಒಂದನ್ನು ತಟ್ಟೆಗೆ ಒಡೆದೆ. ಅವಳ ಬೆರಳನ್ನು ಮೊದಲು ಆ ಹಸಿ ಲೋಳೆಗೆ, ಆಮೇಲೆ ಸಿಪ್ಪೆ ಸುಲಿದ ಬೆಂದ ತತ್ತಿಗೆ ಮುಟ್ಟಿಸಿದೆ.

“ಕಣ್ಣಿನೊಳಗ ಹಿಂಗ ತಿಳಿ ಇರೋ ಒಂದು ಬಿಲ್ಲೆ ಐತಿ ಅಕ್ಕಾ. ವಯಸ್ಸಾದಂಗ ಅದು ಬೆಂದ ತತ್ತಿಯಂಗ ಬೆಳ್ಳಗಾಗ್ತೈತಿ. ಪೊರಿ ಅಂದ್ರ ಅದ.”

ಅವಳು ಬೆಂದ ತತ್ತಿಯನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದಳು.

“ಬೆಂದದ್ದು ತಿರುಗಿ ಹಸಿ ಆಗಂಗಿಲ್ಲಲ್ರಿ.”

“ಇಲ್ಲ.”

“ಹಂಗಾದ್ರ ರಸ ಬಿಟ್ಟು ಉಪಯೋಗಿಲ್ಲ. ಅದನ್ನ ತಗದು ಬ್ಯಾರೆ ಹಾಕಬೇಕು.” ತೀರ್ಮಾನ ಅವಳದೇ. ತತ್ತಿಯನ್ನು ಕೆಳಗಿಟ್ಟು ಹೇಳಿದಳು, “ಹೆಡ್‌ಮಾಸ್ತರಿಗೆ ನೀವು ಹೇಳಬ್ಯಾಡ್ರಿ. ನಾನ ಹೇಳ್ತೀನಿ.”

ಹೇಳಿದಳು. ಅವರು ಮೊದಲು ಬೆಚ್ಚಿಬಿದ್ದು, ಆಮೇಲೆ “ಮೊದ್ಲ ಹೇಳಬಾರದೇನವಾ” ಎಂದು ಬೈದರು. ಅವಳು ವಾಪಸು ಬರುವತನಕ ಅವಳ ನಾದಿನಿ ಅಡುಗೆ ನೋಡಿಕೊಳ್ಳಲಿ ಎಂದು ಒಪ್ಪಿದರು. ಕೊಪ್ಪಳದಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಶನ್ ಆಯಿತು. ನೋಡಲು ಹೋದಾಗ ನನ್ನನ್ನು ಮೇಲಿಂದ ಕೆಳಗೆ ದಿಟ್ಟಿಸಿದಳು. “ನೀವು ಇಷ್ಟ ಸಣ್ಣವರೇನ್ರಿ? ಧ್ವನಿ ಕೇಳಿ ದೊಡ್ಡ ಆಳು ಅನ್ಕೊಂಡಿದ್ದೆ!”

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕೆಲವು ತಿಂಗಳ ಮೇಲೆ ಒಂದು ಬರಹ ಓದಿದೆ. ಬೆಂದ ತತ್ತಿಯ ಬಿಳಿಯನ್ನು ಪ್ರಯೋಗಾಲಯದಲ್ಲಿ ಮತ್ತೆ ತಿಳಿ ಮಾಡಿದ್ದಾರಂತೆ! ರಾಸಾಯನಿಕ ಬೆರೆಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ. ನಾನು ಹೇಳಿದ ‘ಇಲ್ಲ’ ಸುಳ್ಳಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೆ ಗೊತ್ತಾಗಬೇಕು? ಮನಸ್ಸು ಕೇಳಲಿಲ್ಲ. ಮುಂದಿನ ಶನಿವಾರ ಬೈಕು ಹತ್ತಿ ಹೋಗಿ ಹೇಳಿದೆ.

ಬಸಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಕಣ್ಣಿನಿಂದಲೇ. “ಅವರು ಯಂತ್ರದಾಗ ಮಾಡ್ಯಾರ. ನನ್ನ ಕಣ್ಣು ಯಂತ್ರಕ್ಕ ಹಾಕಿ ತಿರುಗಸಾಕ ಬರ್ತೈತೇನ್ರಿ?” ಎಂದು ನಕ್ಕಳು. ಆಮೇಲೆ ಮೊರ ಕೆಳಗಿಟ್ಟು, “ತಪ್ಪಾತು ಅಂತ ಹೇಳಾಕ ಗಂಗಾವತಿಯಿಂದ ಬಂದ್ರಿ? ಇನ್ನ ಮ್ಯಾಲೆ ನೀವು ಹೇಳಿದ್ದು ನಂಬ್ತೀನ್ರಿ ಸರ್” ಎಂದಳು.

ಆ ಮಾತಿನ ಮೇಲೆ ಪ್ರೊಜೆಕ್ಟರು ಅಟ್ಟ ಸೇರಿತು. ಶನಿವಾರದ ತಿರುಗಾಟ ಮಾತ್ರ ನಿಂತಿಲ್ಲ.

ಕಳೆದ ವಾರ ಆನೆಗೊಂದಿಯಲ್ಲಿದ್ದೆ. ಬಾಳೆನಾರಿನಲ್ಲಿ ಚೀಲ ಹೆಣೆಯುವ ಹೆಂಗಸರ ನಡುವೆ ಕೂತಿದ್ದಾಗ ಒಬ್ಬಾಕೆ ಕೇಳಿದಳು: “ಸರ್, ನಾರು ಮುಂಜಾನೆ ಹೇಳಿದಂಗ ಕೇಳ್ತೈತಿ, ಮಧ್ಯಾಹ್ನ ಪಟಪಟ ಹರೀತೈತಿ. ಯಾಕ್ರಿ?”

ಮೊದಲಾಗಿದ್ದರೆ ಏನಾದರೂ ಹೊಸೆದು ಹೇಳುತ್ತಿದ್ದೆ.

“ನನಗ ಗೊತ್ತಿಲ್ಲವ್ವಾ” ಎಂದೆ, ಗಂಗಾವತಿಯ ನಮ್ಮ ಕಾಲೇಜಿಗೂ ಕೇಳುವಷ್ಟು ಗಟ್ಟಿಯಾಗಿ. “ನಿಮಗೇನು ಅನಸ್ತೈತಿ?”

ಒಬ್ಬಳು ಬಿಸಿಲು ಎಂದಳು, ಇನ್ನೊಬ್ಬಳು ಗಾಳಿ ಎಂದಳು, ಮೂರನೆಯವಳು ಮುಂಜಾನೆಯ ಮಂಜಿನ ಪಸೆ ಎಂದಳು. ಜಗಳವೇ ಹತ್ತಿತು. ಕೊನೆಗೆ ಒಂದೇ ದಪ್ಪದ ಎರಡು ಎಳೆ ಆರಿಸಿ, ಒಂದನ್ನು ನೀರಲ್ಲಿ ಅದ್ದಿ, ಎರಡನ್ನೂ ತೊಲೆಗೆ ಕಟ್ಟಿ ಇಳಿಬಿಟ್ಟೆವು. ಎರಡರ ತುದಿಗೂ ಒಂದೊಂದು ಚೀಲ, ಚೀಲಕ್ಕೆ ಒಂದೊಂದೇ ಹರಳು ಕಲ್ಲು. ಹತ್ತು ಹೆಂಗಸರು ಮತ್ತು ನಾನು ಉಸಿರು ಬಿಗಿಹಿಡಿದು, ಯಾವ ಎಳೆ ಮೊದಲು ಹರಿಯುತ್ತದೋ ಎಂದು ಕುತ್ತಿಗೆ ಚಾಚಿಕೊಂಡು ನಿಂತೆವು.