ಕೊಲ್ಕತ್ತಾದಲ್ಲಿ ಬಿಟ್ಟ ಚಪ್ಪಲಿ

ಆ ಹದಿನಾರು ಚಿತ್ರಗಳಲ್ಲಿ ಒಂದೂ ನಾನು ತೆಗೆದದ್ದಲ್ಲ. ಎಲ್ಲವೂ ನಿನ್ನವು, ಲಲಿತಾ. ಮಡಿಕೇರಿಯ ಪ್ರದರ್ಶನದಲ್ಲಿ ಅವುಗಳ ಕೆಳಗೆ ನನ್ನ ಹೆಸರು ಬಂದದ್ದು ಯಾರದೋ ಕೈತಪ್ಪಿನಿಂದಲ್ಲ. ನಾನೇ ಬರೆದುಕೊಟ್ಟೆ. ಒಂಬತ್ತು ವರ್ಷವಾಯಿತು.

ಪ್ರೀತಿ ಉಕ್ಕಿ ಇದನ್ನು ಬರೆಯುತ್ತಿಲ್ಲ. ನನ್ನ ಮೈದುನನ ಕೈ ಹಿಡಿದು ಕೊಡ್ಲಿಪೇಟೆಯ ಮನೆಗೆ ನೀನು ಬಂದ ದಿನದಿಂದ ನಿನಗೂ ನನಗೂ ಎಣ್ಣೆ ಸೀಗೆಕಾಯಿ. ಸಾರಿಗೆ ನೀನು ಹಾಕುವ ಬೆಲ್ಲ, ಬೈದರೆ ತಿರುಗಿ ಬೈಯದೆ ನಗುವ ನಿನ್ನ ರೀತಿ — ಯಾವುದೂ ನನಗೆ ಇವತ್ತಿಗೂ ಆಗದು. ಅದು ಬೇರೆ ಮಾತು. ಇದು ಬೇರೆ.

ಆ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮಿಬ್ಬರನ್ನೂ ಪ್ರವಾಸದ ತಂಡವೊಂದರ ಜೊತೆ ಕಳಿಸಿದರು. ಮೊದಲು ಚಂಡೀಗಢ, ಆಮೇಲೆ ಕೊಲ್ಕತ್ತಾ. ಕ್ಯಾಮೆರಾ ನನ್ನದು. ಚಂಡೀಗಢದಲ್ಲಿ ನಾನು ತೆಗೆದದ್ದು ಗುಲಾಬಿ ತೋಟ, ಮತ್ತು ಗುಲಾಬಿ ತೋಟದ ಮುಂದೆ ನನ್ನನ್ನೇ. ನೀನು ಕೇಳಿ ಇಸಿದುಕೊಂಡು ಏನೇನೋ ತೆಗೆದೆ. ಉದ್ದ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತ ಮುದುಕ. ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಸಿಗ್ನಲ್‌ಗೆ ಕಾದು ನಿಂತ ಹೆಂಗಸು. ಕೊಲ್ಕತ್ತಾದಲ್ಲಿ ಅಂಥದೇ ಬೆಂಚಿನ ಮೇಲೆ ಏಳು ಜನ, ಅವರ ತೊಡೆಗಳ ಮೇಲೆ ಅಡ್ಡಡ್ಡ ಮಲಗಿ ನಿದ್ದೆ ಹೋದ ಎಂಟನೆಯವನು. ಎರಡು ಊರನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಬಹುದೆಂದು ನಿನಗೆ ಹೇಗೆ ಹೊಳೆಯಿತೋ... ನನಗಂತೂ ಹೊಳೆದಿರಲಿಲ್ಲ.

ಕೊಲ್ಕತ್ತಾದಲ್ಲಿ ತಲೆನೋವೆಂದು ನಾನು ಲಾಡ್ಜಿನಲ್ಲಿ ಮಲಗಿದ್ದ ದಿನ ನೀನು ಬರಿಗಾಲಲ್ಲಿ ವಾಪಸು ಬಂದೆ. ಗಲ್ಲಿಯೊಂದರಲ್ಲಿ ಹೆಂಗಸರು ಬಟ್ಟೆ ಹಾಸಿ ಸಂಡಿಗೆ ಒಣಗಿಸುತ್ತಿದ್ದರಂತೆ. ಭತ್ತ, ಕಾಫಿ ಹರವಿದ ನಮ್ಮ ಕಣಕ್ಕೆ ಇಳಿಯುವಾಗ ಮಾಡುವಂತೆ, ನೀನು ಗಲ್ಲಿಯ ಬಾಯಲ್ಲೇ ಚಪ್ಪಲಿ ಬಿಟ್ಟು ಹೋದೆಯಂತೆ. ಅದನ್ನು ಕಂಡೇ ಅವರು ನಿನ್ನನ್ನು ಹತ್ತಿರ ಕೂರಿಸಿಕೊಂಡು ಚಿತ್ರ ತೆಗೆಯಲು ಬಿಟ್ಟರಂತೆ. ತಿರುಗಿ ಬರುವಷ್ಟರಲ್ಲಿ ಚಪ್ಪಲಿ ಮಾಯ. ಪಟ್ಟಣದ ಬೀದಿಯಲ್ಲಿ ಚಪ್ಪಲಿ ಬಿಡುವ ಗಮಾರಿ ಎಂದು ನಾನು ಬೈದೆ. ನೀನು ನಕ್ಕೆ.

ಊರಿಗೆ ಬಂದ ಮೇಲೆ ಮಡಿಕೇರಿಯ ಫೋಟೋ ಬಳಗವೊಂದು ಪ್ರದರ್ಶನಕ್ಕೆ ಚಿತ್ರ ಕೇಳಿತು. ಕಳಿಸೋಣವಾ ಎಂದು ನೀನು ಕೇಳಿದಾಗ, ಇದನ್ನೆಲ್ಲ ಯಾರು ನೋಡುತ್ತಾರೆ ಎಂದೆ. ಆಮೇಲೆ ನಾನೇ ಕಳಿಸಿದೆ. ಕ್ಯಾಮೆರಾ ನನ್ನದು, ಚಿತ್ರವೂ ನನ್ನದೇ ಎಂದುಕೊಂಡೆ — ಇಲ್ಲ, ಹಾಗೇನೂ ಅಂದುಕೊಂಡಿರಲಿಲ್ಲ. ಬರೀ ಹೊಟ್ಟೆಕಿಚ್ಚು.

ಪ್ರದರ್ಶನಕ್ಕೆ ಮನೆಯವರೆಲ್ಲ ಬಂದರು. ನಿನಗೆ ವಿಷಯ ತಿಳಿದದ್ದೇ ಅಲ್ಲಿ. ಸಂಡಿಗೆಯ ಚಿತ್ರದ ಮುಂದೆ ಯಾರೋ, ಇಷ್ಟು ಹತ್ತಿರ ಹೇಗೆ ಬಿಟ್ಟುಕೊಂಡರು ಎಂದು ಕೇಳಿದರು. ನಾಲಿಗೆಗೆ ಎಲುಬಿಲ್ಲವಲ್ಲ, ನಾನು ಚಪ್ಪಲಿಯ ಕಥೆಯನ್ನೂ ನನ್ನದೇ ಎಂಬಂತೆ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ನೀನು ಮೆಲ್ಲಗೆ ಕೇಳಿದೆ:

"ಚಪ್ಪಲಿ ಕಳ್ಕೊಂಡಿದ್ದೂ ನೀವೇನಾ, ಅಕ್ಕ?"

ಆಗಲಾದರೂ... ಇಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಇನ್ನೇನು ನೀನಾ? ನೀನು ತಲೆನೋವು ಅಂತ ರೂಮಲ್ಲಿ ಮಲ್ಗಿದ್ಯಲ್ಲ."

ನನ್ನ ತಲೆನೋವನ್ನೂ ನಿನ್ನ ತಲೆಗೇ ಕಟ್ಟಿದೆ. ನೀನು ಗಂಡನ ಮುಖ ನೋಡಿದೆ. ಅವನು ಅತ್ತಿಗೆಯ ಮಾತನ್ನೇ ನಂಬಿದ.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವರ್ಷ ಬಳಗದವರು ಚಿತ್ರ ತೆಗೆಯಲು ಇನ್ನೆರಡು ಊರುಗಳಿಗೆ ಹೊರಟಾಗ, ಆ ಚಿತ್ರ ತೆಗೆದವರು ನಮ್ಮ ಜೊತೆ ಬರಲೇಬೇಕು ಎಂದು ನನಗೆ ಹೇಳಿಕಳಿಸಿದರು. ಹೋದರೆ ಬಂಡವಾಳ ಬಯಲಾಗುತ್ತಿತ್ತು. ಮಂಡಿನೋವೆಂದೆ. ಆ ಕರೆ ನಿನ್ನದು. ಅದು ಬಂದಿತ್ತೆಂಬುದೇ ನಿನಗೆ ಗೊತ್ತಿಲ್ಲ. ಮೊನ್ನೆ ನನ್ನ ಮಗಳ ಮದುವೆಯಲ್ಲಿ ಯಾರೋ ನಿನ್ನ ಕೈಗೆ ಕ್ಯಾಮೆರಾ ಕೊಡಲು ಬಂದಾಗ, ನನಗೆ ಬರಲ್ಲ ಎಂದು ನೀನು ಕೈ ಹಿಂದಕ್ಕೆಳೆದುಕೊಂಡೆ. ನಾನು ಪಕ್ಕದಲ್ಲೇ ಇದ್ದೆ.

ನೀನು ತವರಿಗೆ ಹೋಗಿರುವಾಗ, ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ನಿನ್ನ ಗಂಡನಿಗೆ, ನನ್ನ ಗಂಡನಿಗೆ ಎಲ್ಲ ಹೇಳಿದೆ. ನಿನ್ನ ಗಂಡ ತಟ್ಟೆ ಬಿಟ್ಟು ಎದ್ದು ಹೋದ. ಚಿತ್ರಗಳು ಇನ್ನೂ ಬಳಗದ ಗೋಡೆಯ ಮೇಲಿವೆ. ನಾಳೆ ಹೋಗಿ, ಅವರೆದುರಿಗೇ ನನ್ನ ಹೆಸರು ಕಿತ್ತು ನಿನ್ನದನ್ನು ಹಾಕಿಸುತ್ತೇನೆ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ನೀನು ಕ್ಷಮಿಸಿಯೇ ಬಿಡುವವಳು, ಗೊತ್ತು — ಆಮೇಲೆ ಎಲ್ಲ ಮೊದಲಿನಂತೆಯೇ ನಡೆದುಬಿಡುತ್ತದೆ. ಬೇಡ, ಲಲಿತಾ. ಈ ಒಂದು ಸಲ ನಗಬೇಡ. ನನ್ನನ್ನು ಬೈ.