ದೆಲ್ಫಿನಾ ಕಮರೇನಾ ತೋರಿಸದ ಮುಖ

ಡಿವಿಡಿಯಲ್ಲಿ ಫೋರ್‌ಕೆ ಎಂಬ ಅತಿ ಸ್ಪಷ್ಟ ಚಿತ್ರ ಹಿಡಿಯುವುದಿಲ್ಲ. ಇದು ಮಾರುವವನಿಗೆ ಗೊತ್ತು, ಚಿತ್ರ ತೆಗೆದವನಿಗೆ ಗೊತ್ತು, ಕೊಳ್ಳುವವನಿಗೂ ಗೊತ್ತಿರಬೇಕಿತ್ತು. ಆದರೂ ಪೆರು ದೇಶದ ಹೌಹಾ ಊರಿನ ಭಾನುವಾರದ ಸಂತೆಯಲ್ಲಿ ಬೇಯಿಸಿದ ಜೋಳದ ತೆನೆಗಳ ಪಕ್ಕದಲ್ಲಿ ಹಬ್ಬದ ಡಿವಿಡಿಗಳನ್ನು ಹರವಿಕೊಂಡು ಕೂತವರೆಲ್ಲ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಫೋರ್‌ಕೆ’ ಎಂದು ಅಚ್ಚು ಹಾಕಿಸಿದ್ದರು. ಜನ ಕೇಳುತ್ತಿದ್ದದ್ದೂ ಅದನ್ನೇ. ಯಾರ ಕುಣಿತ, ಯಾವ ವಾದ್ಯಮೇಳ ಎಂದು ಕೇಳುವವರಿಲ್ಲ. ‘ಫೋರ್‌ಕೆನಾ?’ ಎಂದು ಕೇಳುವುದು, ಹೌದೆಂದರೆ ದುಡ್ಡು ಕೊಡುವುದು, ಮನೆಗೆ ಹೋಗಿ ಹದಿನೈದು ವರ್ಷದ ಹಳೆಯ ಟಿವಿಗೆ ಹಾಕಿ ‘ಆಹಾ, ಎಷ್ಟು ಚೊಕ್ಕ!’ ಎನ್ನುವುದು.

ಹೊದಿಕೆಯ ಮೇಲೆ ಆ ಸುಳ್ಳನ್ನು ಹಾಕಿಸದವಳು ಒಬ್ಬಳೇ, ದೆಲ್ಫಿನಾ ಕಮರೇನಾ. ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷದಿಂದ ಈ ಕಣಿವೆಯ ಮದುವೆ, ನಾಮಕರಣ, ಊರ ದೇವರ ಹಬ್ಬಗಳನ್ನೆಲ್ಲ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹಿಡಿದವಳು. ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗೆ ಇಳಿದಿದೆ. ಕ್ಯಾಸೆಟ್ ಕಾಲ ಹೋಯಿತು, ಡಿವಿಡಿ ಕಾಲ ಬಂತು. ಹೆಗಲು ಮಾತ್ರ ಅಲ್ಲೇ ನಿಂತಿತು.

ಹೊಸ ಕ್ಯಾಮೆರಾಗಳು ಬಂದ ವರ್ಷ ಅವಳ ವ್ಯಾಪಾರ ಅರ್ಧಕ್ಕೆ ಇಳಿಯಿತು. ಮೊದಲು ಲಿಮಾದ ದೊಡ್ಡ ಟಿವಿ ಕಂಪನಿಗಳ ಹತ್ತಿರ ಮಾತ್ರ ಇದ್ದ ಸಾಮಾನು ಈಗ ಒಂದು ಹಳೇ ಮೋಟಾರ್ ಸೈಕಲ್ ಬೆಲೆಗೆ ಸಿಗುತ್ತಿತ್ತು. ನಿನ್ನೆಯವರೆಗೆ ಮೊಬೈಲ್ ರಿಪೇರಿ ಮಾಡುತ್ತಿದ್ದ ಪೆರ್ಸಿ ಇಂಗಾ ಒಂದನ್ನು ಕೊಂಡು ತಾನೂ ಹಬ್ಬದ ಚಿತ್ರಗಾರ ಎಂದು ಬೋರ್ಡು ಹಾಕಿಕೊಂಡ.

ದೆಲ್ಫಿನಾಳ ಮಗಳಿಗೆ ಧರ್ಮತಾಯಿಯಾಗಿ ತೊಟ್ಟಿಲಲ್ಲಿ ಹೆಸರಿಟ್ಟಾಗಿನಿಂದ ಅವಳ ಕೊಮಾದ್ರೆ, ಅಂದರೆ ಒಡಹುಟ್ಟಿದಂಥ ಗೆಳತಿಯಾದ ನಿಕೊಲಾಸಾ ಒಂದು ಮಧ್ಯಾಹ್ನ ಅವಳ ವಿಡಿಯೋ ಅಂಗಡಿಗೆ ಬಂದು ಕಾಲು ಚಾಚಿ ಕೂತಳು.

“ಅಮೆರಿಕದಿಂದ ನನ್ನ ತಮ್ಮ ಫೋನ್ ಮಾಡಿದ್ದ ಕಣೇ. ಈ ಸಲದ ಹಬ್ಬದ ವಿಡಿಯೋ ಪೆರ್ಸಿ ಹತ್ರ ತಗೋ ಅಂದ. ಗೋಡೆ ಅಗಲದ ಟಿವಿ ತಂದಿದಾನಂತೆ. ನಿನ್ನ ಚಿತ್ರ ಅದರಲ್ಲಿ ಹಾಕಿದ್ರೆ ಎಲ್ಲರೂ ಗಂಜಿಯೊಳಗೆ ಕುಣಿದ ಹಾಗೆ ಕಾಣ್ತಾರಂತೆ.”

“ನಿನ್ನ ತಮ್ಮ ಊರಲ್ಲಿದ್ದಾಗ ಕುಡಿದು ಕುಣೀತಿದ್ದ. ಅವನಿಗೆ ಆಗಲೂ ಗಂಜಿಯ ಹಾಗೇ ಕಾಣ್ತಿತ್ತು.”

“ನಗಬೇಡ ಕೊಮಾದ್ರೆ. ಜನ ಕೇಳೋದನ್ನ ಕೊಡಬೇಕಪ್ಪ. ಇಲ್ಲದಿದ್ರೆ ಆಲೂಗಡ್ಡೆ ಮಾರೋಕೆ ನನ್ನ ಪಕ್ಕ ಬಂದು ಕೂತ್ಕೋ. ಜಾಗ ಇದೆ.”

ದೆಲ್ಫಿನಾ ತನ್ನ ಮೂರು ಹಳೆಯ ಕ್ಯಾಮೆರಾಗಳನ್ನು ಕೊಟ್ಟು ಒಂದು ಹೊಸದನ್ನು ತಂದಳು. ಅಂಗೈ ಅಗಲದ್ದು. ಹೆಗಲ ಮೇಲೆ ಇಟ್ಟರೆ ಇದೆಯೋ ಇಲ್ಲವೋ ಎಂದು ತಿಳಿಯದಷ್ಟು ಹಗುರ.

ಜನವರಿ ಇಪ್ಪತ್ತರಂದು ‘ತುನಂತಾದ’ ಎಂಬ ಮುಖವಾಡದ ಕುಣಿತದ ಹಬ್ಬ ಶುರುವಾಯಿತು. ಹಾರ್ಪು, ಪಿಟೀಲು, ಸಾಲು ಸಾಲು ಸ್ಯಾಕ್ಸೋಫೋನುಗಳ ಹಿಂದೆ ದೊರೆ ವೇಷದವರು ಚೌಕಕ್ಕೆ ಇಳಿದರು. ಮಖಮಲ್ಲಿನ ಮೇಲಂಗಿ, ಗರಿಯ ಟೋಪಿ, ಮುಖಕ್ಕೆ ಸಣ್ಣ ತಂತಿಯ ಜಾಲರಿಯಲ್ಲಿ ಮಾಡಿದ ಮುಖವಾಡ. ಅದರ ಮೇಲೆ ಬಿಳಿ ಕೆನ್ನೆ, ನೀಲಿ ಕಣ್ಣು, ಚಿನ್ನದ ಬಣ್ಣದ ಮೀಸೆ. ನಮ್ಮನ್ನು ಆಳಿದ ಸ್ಪೇನಿನ ದೊರೆಗಳನ್ನು ನಾವು ಅಣಕಿಸುವುದು ಹೀಗೆ. ಮುಖವಾಡ ಹಾಕಿದವನು ಕೀಚು ದನಿಯಲ್ಲೇ ಮಾತಾಡಬೇಕು. ಅವನ ಹೆಸರನ್ನು ಯಾರೂ ಕೇಳಬಾರದು. ಹೆಂಡತಿ ಕೂಡ ಗುರುತು ಹಿಡಿದರೂ ಹಿಡಿಯದ ಹಾಗೆ ಇರಬೇಕು. ಇದಕ್ಕೆ ಯಾವ ಕಾಗದವೂ ಇಲ್ಲ, ರುಜುವೂ ಇಲ್ಲ. ಇಷ್ಟು ಕಾಲ ಬೇಕಾಗಿಯೂ ಇರಲಿಲ್ಲ.

ಕುಣಿತದ ಸಂಘದ್ದು ಮಾತ್ರ ಬೇರೆಯದೇ ಒಂದು ನಿಯಮ. ಹೊಲಗದ್ದೆ ಇರುವ ಹಳೆಯ ಮನೆತನದ ಗಂಡಸರು ಬಿಟ್ಟರೆ ದೊರೆ ವೇಷ ಬೇರೆ ಯಾರಿಗೂ ಇಲ್ಲ. ಹೊರಗಿನವರು ಸಿಕ್ಕಿಬಿದ್ದರೆ ಚೌಕದ ನಡುವೆ, ಎಲ್ಲರ ಎದುರು, ಮುಖವಾಡ ಕಿತ್ತು ಮೇಲಂಗಿ ಹರಿಯುತ್ತಾರೆ. ದೆಲ್ಫಿನಾ ಚಿಕ್ಕವಳಿದ್ದಾಗ ಒಮ್ಮೆ ಕಂಡಿದ್ದಳು. ಆ ಮನುಷ್ಯ ಆಮೇಲೆ ಊರಲ್ಲಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಪುದೀನದಂಥ ಮುನ್ಯಾ ಸೊಪ್ಪಿನ ಕಷಾಯ ಕುಡಿಯುತ್ತಾ ಹಿಂದಿನ ದಿನದ ಚಿತ್ರ ನೋಡಲು ಕೂತಳು. ಮುಖವಾಡದ ಗೀಚು, ಮಖಮಲ್ಲಿನ ಎಳೆ, ಟೋಪಿಯ ಗರಿಯ ಮೇಲೆ ಕೂತ ಮಳೆಹನಿ, ಎಲ್ಲವೂ ಎಣಿಸಬಹುದಾದಷ್ಟು ಸ್ಪಷ್ಟ. ಚಿತ್ರದಲ್ಲಿ ಇಳಿಬಿಸಿಲು ಟೋಪಿಯ ಅಂಚಿನ ಕೆಳಗೆ ಪಕ್ಕದಿಂದ ನುಗ್ಗಿದ ಗಳಿಗೆ ಬಂದಾಗ ಅವಳು ಅದನ್ನು ಅಲ್ಲೇ ನಿಲ್ಲಿಸಿದಳು. ಬೆಳಕು ಜಾಲರಿಯ ಮೇಲೆ ಬೀಳದೆ ಹಿಂದಿದ್ದ ಕೆನ್ನೆಯ ಮೇಲೆ ಬಿದ್ದಿತ್ತು. ಬಿಳಿ ದೊರೆ ಮಾಯವಾಗಿ ತಂತಿಯ ಹಿಂದಿನಿಂದ ಒಂದು ಮುಖ ಮೂಡಿತ್ತು.

ಅದು ಹಸಿರು ದೊರೆ. ಹಸಿರು ಮೇಲಂಗಿಯ ಆ ಕುಣಿತಕ್ಕೆ ಹನ್ನೊಂದು ವರ್ಷದಿಂದ ಚೌಕದಲ್ಲಿ ಸಾಟಿ ಇಲ್ಲ. ಹಳೆಯ ಸದಸ್ಯ ಎಲಿಸಿಯೋ ಸಾಯುವ ಮುಂಚೆ ತನ್ನ ಪೋಷಾಕನ್ನು ಯಾರಿಗೋ ಕೊಟ್ಟಿದ್ದ. ಯಾರಿಗೆಂದು ಕೇಳುವಂತಿರಲಿಲ್ಲ. ಆ ಮುಖ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಗಂಡೋ ಹೆಣ್ಣೋ ಎಂದೂ ಬರೆಯುವುದಿಲ್ಲ. ಸಂಘದವರು ದಿನವೂ ಎದುರಿಗೆ ಕಾಣುವ ಮುಖ ಅದು, ದಿನವೂ ಕೆಲಸ ಹೇಳುವ ಮುಖ. ಅವರ ನಿಯಮ ಒಳಗೆ ಬಿಡದ ಮುಖ. ತಂತಿಯ ಹಿಂದೆ ಅದು ಕಣ್ಣು ಮುಚ್ಚಿ ನಗುತ್ತಿತ್ತು. ಆ ಮುಖ ನಗುವುದನ್ನು ದೆಲ್ಫಿನಾ ಅದೇ ಮೊದಲು ಕಂಡಿದ್ದು.

ಅವಳು ಇಡೀ ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಬೇರೆಯವರೂ ಅಲ್ಲಲ್ಲಿ ಕಂಡರು. ಅವರಲ್ಲಿ ಒಬ್ಬನನ್ನು ನೋಡಿ ಕಷಾಯದ ಲೋಟ ಕೆಳಗಿಟ್ಟಳು.

ಮಧ್ಯಾಹ್ನ ಸಂಘದ ಅಧ್ಯಕ್ಷ ಅಬಿಲಿಯೋ ಗಲಾರ್ಸಾ ಬಂದ. ನಾಲ್ಕು ಲಾರಿಗಳ ಧಣಿ, ನೇರಳೆ ಮೇಲಂಗಿಯ ದೊರೆ ತಾನೇ ಎಂದು ವರ್ಷವಿಡೀ ಹೇಳಿಕೊಂಡು ತಿರುಗುವವನು.

“ಹೊಸ ಕ್ಯಾಮೆರಾಗೆ ಶುಭವಾಗಲಿ, ದೆಲ್ಫಿನಾ. ಜಾಲರಿ ಹಿಂದೆ ಇರೋದೂ ಕಾಣತ್ತಂತೆ. ಪೆರ್ಸಿ ಆಚೆ ಊರಿನ ಹಬ್ಬದ್ದು ತೋರಿಸಿದ. ‘ಮುಖವಾಡದ ಹಿಂದೆ’ ಅಂತ ಡಿವಿಡಿ ಮಾಡಿದಾನೆ, ಬಿಸಿ ರೊಟ್ಟಿ ಹಾಗೆ ಖರ್ಚಾಗ್ತಿದೆ.”

“ಕೇಳಿದೆ ದೋನ್ ಅಬಿಲಿಯೋ.”

“ಆ ಹಸಿರಿನವನು ನಮ್ಮವನಲ್ಲ ಅಂತ ಗುಸುಗುಸು. ನಿನ್ನ ಚಿತ್ರದಲ್ಲಿ ನೋಡಿಬಿಡೋಣ. ಕೊನೇ ದಿನ ಚೌಕದಲ್ಲೇ ತೀರಿಸ್ತೀವಿ. ಮುಂದಿನ ಐದು ವರ್ಷ ಹಬ್ಬ ಹಿಡಿಯೋ ಕೆಲಸ ನಿಂದು. ಬೇರೆ ಯಾರನ್ನೂ ಚೌಕದೊಳಗೆ ಬಿಡಲ್ಲ.”

“ನೀವು ನಿಂತು ಹೇಳಿದ್ದು ಸಾಕಾಯ್ತು, ಕೂತ್ಕೊಳ್ಳಿ. ನಾನು ತೋರಿಸಲ್ಲ.”

“ತೋರಿಸಲ್ಲ ಅಂದ್ರೆ? ಅದಕ್ಕೇ ತಾನೇ ಫೋರ್‌ಕೆ ತಂದಿದ್ದು? ಜನ ಕೇಳ್ತಿದಾರಮ್ಮ!”

“ಜನ ಕೇಳಿದ್ದು ಕುಣಿತ ಚೆನ್ನಾಗಿ ಕಾಣಲಿ ಅಂತ. ಕುಣಿಯೋರನ್ನ ಹಿಡಿದುಕೊಡು ಅಂತ ಅಲ್ಲ. ಹಾಗೆ ಕೇಳಿದ್ರೂ ಕೊಡಲ್ಲ. ನನ್ನ ಅಂಗಡಿ ಪೊಲೀಸ್ ಠಾಣೆ ಅಲ್ಲ.”

“ಹಸಿರಿನದು ಒಂದೇ ಒಂದು ತೋರಿಸು. ಬೇರೆಯವರದು ಬೇಡ.”

ದೆಲ್ಫಿನಾಗೆ ನಗು ಬಂತು. ಇವನು ಕ್ಯಾಮೆರಾವನ್ನು ತನ್ನ ಲಾರಿಯಂತೆ ತಿಳಿದಿದ್ದ, ತಾನು ಹೇಳಿದ ಕಡೆ ಮಾತ್ರ ಹೋಗುತ್ತದೆ ಎಂದು.

“ಈ ಕ್ಯಾಮೆರಾಗೆ ಬಣ್ಣ ಗೊತ್ತಾಗತ್ತೆ ದೋನ್ ಅಬಿಲಿಯೋ, ಅಧ್ಯಕ್ಷರು ಯಾರು ಅಂತ ಗೊತ್ತಾಗಲ್ಲ. ಬಿಸಿಲು ಹಸಿರಿನ ಮೇಲೆ ಬಿದ್ದ ಹಾಗೇ ನೇರಳೆ ಮೇಲೂ ಬಿತ್ತು.”

ಟೋಪಿ ಸರಿಮಾಡಿಕೊಳ್ಳುತ್ತಿದ್ದ ಅಬಿಲಿಯೋನ ಕೈ ಅಲ್ಲೇ ನಿಂತಿತು. ನೇರಳೆ ದೊರೆಯ ಮುಖವಾಡದ ಹಿಂದೆ ಇದ್ದದ್ದು ಅವನ ಮುಖವಾಗಿರಲಿಲ್ಲ. ಮಂಡಿ ಕೆಟ್ಟು ಮೂರು ವರ್ಷವಾಗಿತ್ತು. ಆಳೊಬ್ಬನಿಗೆ ಪೋಷಾಕು ತೊಡಿಸಿ ಕಳಿಸಿ, ತಾನು ಮನೆಯೊಳಗೆ ಕಾಲಿಗೆ ಶಾಖ ಕೊಟ್ಟುಕೊಂಡು ಕೂರುತ್ತಿದ್ದ. ಇದನ್ನು ಇಲ್ಲಿ ಬರೆಯಬಹುದು, ಏಕೆಂದರೆ ಮುಂದಿನ ವರ್ಷ ಅವನೇ ಕೋಲೂರಿಕೊಂಡು ಬಂದು ಎಲ್ಲರಿಗೂ ಹೇಳಿಕೊಂಡ. ಆ ಮಧ್ಯಾಹ್ನ ಮಾತ್ರ ಅದು, ಆ ಆಳನ್ನು ಬಿಟ್ಟರೆ, ಇವರಿಬ್ಬರಿಗಷ್ಟೇ ಗೊತ್ತಿದ್ದ ಸಂಗತಿ.

“ಹೆದರಿಸ್ತಿದೀಯಾ?”

“ಇಲ್ಲ. ನೀವು ಬೈಕೊಂಡು ಹೋದ್ರೂ ಬಾಯಿ ಬಿಡಲ್ಲ, ಕೆಲಸ ಕಿತ್ಕೊಂಡ್ರೂ ಬಿಡಲ್ಲ. ನಿಮ್ಮದೂ ಹೇಳಲ್ಲ, ಹಸಿರಿನದೂ ಹೇಳಲ್ಲ. ನನ್ನ ಹತ್ರ ಎರಡಕ್ಕೂ ತೂಕ ಒಂದೇ.”

“ಹೊಟ್ಟೆಗೆ ಏನು ತಿಂತೀಯ ಅಂತ ನೋಡ್ತೀನಿ.”

“ಆಲೂಗಡ್ಡೆ. ಕೊಮಾದ್ರೆ ಪಕ್ಕ ಜಾಗ ಇದೆಯಂತೆ.”

ಅವನು ಹೊರಟ ಮೇಲೆ ಅವಳು ಜಾಲರಿಯ ಹಿಂದೆ ಮುಖ ಕಂಡ ತುಣುಕುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಹಸಿರಿನದು, ನೇರಳೆಯದು, ಉಳಿದವರದು. ಹಸಿರು ದೊರೆಯ ನಗುವಿನ ತುಣುಕನ್ನು ಅಳಿಸುವ ಮುಂಚೆ ಎರಡು ಸಲ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಿಡಿದ ಅತಿ ಒಳ್ಳೆಯ ಚಿತ್ರ ಅದು.

ಸಂಜೆಯಾಗುವಷ್ಟರಲ್ಲಿ ಸುದ್ದಿ ಬಂತು: ಕೊನೆಯ ದಿನದ ಕೆಲಸ ಪೆರ್ಸಿ ಇಂಗಾಗೆ ಹೋಗಿತ್ತು. ಅವಳು ಅಳಿಸಿದ್ದನ್ನು ಅವನು ಹಿಡಿಯಬಹುದು. ಅದೇ ಇಳಿಬಿಸಿಲು, ಅದೇ ಜಾಲರಿ. ಅಬಿಲಿಯೋ ನೇರಳೆಯನ್ನು ಮನೆಯಲ್ಲೇ ಇಟ್ಟುಕೊಂಡು ಹಸಿರನ್ನು ಹಿಡಿಸಬಹುದು.

ದೆಲ್ಫಿನಾ ಹಸಿರು ದೊರೆಯ ಮನೆಗೆ ಹೋಗಿ ಎಚ್ಚರ ಹೇಳಬಹುದಿತ್ತು. ಹೋದರೆ ಗುರುತು ಹಿಡಿದಂತಾಗುತ್ತಿತ್ತು. ಅದರ ಬದಲು ಬಟ್ಟೆ ಅಂಗಡಿಗೆ ಹೋಗಿ ಒಳಗಿನಿಂದ ನೋಡಬಹುದಾದ ಸಣ್ಣ ಕಣ್ಣಿನ ಕಪ್ಪು ಪರದೆ ಬಟ್ಟೆ ತಂದಳು. ಕೊನೆಯ ದಿನ ಬೆಳಿಗ್ಗೆ ಕುಣಿತದವರು ಬಂದು ಸೇರುವ ಅಂಗಳದ ಬಾಗಿಲಲ್ಲಿ ಸೂಜಿದಾರ ಹಿಡಿದು ಕೂತಳು. ಬಂದವರೆಲ್ಲ ಮುಖವಾಡ ಹಾಕಿಕೊಂಡೇ ಬಂದರು.

“ಹೊಸ ಕ್ಯಾಮೆರಾ ಒಳಗೆ ನೋಡತ್ತೆ, ಸ್ವಾಮಿ ದೊರೆಗಳೇ! ಒಳಗಡೆ ಕಪ್ಪು ಬಟ್ಟೆ ಹೊಲಿದುಕೊಡ್ತೀನಿ. ಗೋಡೆ ಕಡೆ ತಿರುಗಿ ಮುಖವಾಡ ತೆಗೆದು ಹಿಂದಕ್ಕೆ ಕೊಡಿ. ನಾನು ತಲೆ ಎತ್ತಲ್ಲ.”

“ಅಯ್ಯಯ್ಯೋ, ಕ್ಯಾಮೆರಾದವಳೇ ಕ್ಯಾಮೆರಾಗೆ ಕಣ್ಣು ಕಟ್ತಿದಾಳೆ!” ಒಬ್ಬ ಕೀಚು ದನಿಯಲ್ಲಿ ಕೂಗಿದ.

“ಕಟ್ಟಲೇಬೇಕು. ಅದಕ್ಕೆ ನಾಚಿಕೆ ಇಲ್ಲ, ನನಗಿದೆ.”

“ನನ್ನ ಮೂಗಿನ ಹತ್ರ ಬಿಗಿಯಾಗಿ ಹೊಲಿ ಅಮ್ಮಾ, ಅದನ್ನ ನೋಡಿದ್ರೆ ಸಾಲದವರೆಲ್ಲ ಗುರುತು ಹಿಡೀತಾರೆ!”

ನಕ್ಕರು. ಒಬ್ಬೊಬ್ಬರಾಗಿ ಗೋಡೆ ಕಡೆ ತಿರುಗಿದರು. ಮೂವತ್ತೆಂಟು ಮುಖವಾಡಗಳಿಗೆ ಹೊಲಿದಳು. ಬೆವರು, ಬಣ್ಣ, ಹಳೆಯ ಹೆಂಡದ ವಾಸನೆ ಹೊಡೆಯುವ ಮುಖವಾಡಗಳು. ಯಾವುದೋ ಒಂದನ್ನು ಕೊಟ್ಟ ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಅವಳ ಬೆರಳನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿಯಿತು. ಅವಳು ತಲೆ ಎತ್ತಲಿಲ್ಲ.

ಆ ಮಧ್ಯಾಹ್ನ ಪೆರ್ಸಿ ಚೌಕದ ಒಳಗೆ ಹಸಿರು ದೊರೆಯ ಸುತ್ತ ನೊಣದಂತೆ ಸುತ್ತಿದ. ಇಳಿಬಿಸಿಲು ಬಂತು, ಟೋಪಿಯ ಕೆಳಗೆ ನುಗ್ಗಿತು. ನೀಲಿ ಕಣ್ಣಿನ ಬಿಳಿ ದೊರೆಗಳು ಅಲುಗದೆ ಅವನನ್ನು ನೋಡಿದರು, ಅಷ್ಟೇ. ನೇರಳೆ ದೊರೆ ಅಂದು ಬರಲೇ ಇಲ್ಲ. ಚೌಕದ ಸುತ್ತ ಕಟ್ಟಿದ ಹಗ್ಗದ ಆಚೆ, ಜನರ ನಡುವೆ, ಬಿಸಿಲಿಗೆ ಹಿಡಿದ ಹರಕು ಛತ್ರಿಯ ಕೆಳಗೆ ದೆಲ್ಫಿನಾ ತನ್ನ ಪುಟ್ಟ ಕ್ಯಾಮೆರಾ ಹಿಡಿದು ನಿಂತಿದ್ದಳು. ಹಸಿರು ದೊರೆಯ ವೇಷ ಕುಣಿಯುತ್ತಾ ಹಗ್ಗದವರೆಗೆ ಬಂದು, ಟೋಪಿ ತೆಗೆದು ನೆಲಕ್ಕೆ ತಾಗುವಷ್ಟು ಬಾಗಿ, ಮತ್ತೆ ಮೇಳಕ್ಕೆ ಸೇರಿಕೊಂಡಿತು. ಆ ಚಿತ್ರ ಅವಳ ಡಿವಿಡಿಯಲ್ಲಿದೆ. ಹೊದಿಕೆಯ ಮೇಲೆ ‘ಸಾಧಾರಣ ಡಿವಿಡಿ, ತುನಂತಾದ, ಕೊನೆಯ ದಿನ’ ಎಂದಷ್ಟೇ ಇದೆ. ಮಾರಾಟ ಕಡಿಮೆ. ವಾರದಲ್ಲಿ ಮೂರು ದಿನ ಅವಳು ನಿಕೊಲಾಸಾಳ ಪಕ್ಕ ಆಲೂಗಡ್ಡೆ ಮಾರುತ್ತಾಳೆ. ಅಬಿಲಿಯೋನ ಮನೆಯವರು ಬಂದರೆ ತೂಕದಲ್ಲಿ ಒಂದು ಗ್ರಾಮೂ ಕಡಿಮೆ ಹಾಕುವುದಿಲ್ಲ, ಒಂದು ಗ್ರಾಮೂ ಹೆಚ್ಚು ಹಾಕುವುದಿಲ್ಲ.

ಪೆರ್ಸಿಯ ‘ಮುಖವಾಡದ ಹಿಂದೆ’ ಮಾತ್ರ ಇನ್ನೂ ಬಿಸಿ ಬಿಸಿಯಾಗಿ ಹೋಗುತ್ತಿದೆ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅವನು ತಾನಾಗಿ ಅದನ್ನು ಹುಟ್ಟಿಸಲಿಲ್ಲ. ಕೇಳಿದವರಿದ್ದರು, ಕೊಟ್ಟ. ಆಚೆ ಊರಿನಲ್ಲಿ ಅದರಿಂದ ಇಬ್ಬರು ಮುಖವಾಡ ಕಳೆದುಕೊಂಡರು, ಒಬ್ಬರು ಊರನ್ನೇ ಬಿಟ್ಟರು. ನೋಡಿದವರು ಸೋಫಾದಲ್ಲಿ ಕೂತು ‘ಎಷ್ಟು ಚೊಕ್ಕ!’ ಎಂದರು.

ಆ ಡಿವಿಡಿ ನಿಮ್ಮ ಮನೆಯಲ್ಲಿದೆಯೆ? ಅಥವಾ ಅಂಥದ್ದೇ ಇನ್ನೊಂದು, ತಮ್ಮನ್ನು ತೋರಿಸಿ ಎಂದು ಎಂದೂ ಹೇಳದವರ ಮುಖ ಇರುವಂಥದ್ದು, ನಿಮ್ಮ ಫೋನಿನಲ್ಲಿದೆಯೆ? ಹಾಗಾದರೆ ಎದ್ದೇಳಿ. ಡಿವಿಡಿಯನ್ನು ಎರಡು ತುಂಡು ಮಾಡಿ. ಫೋನಿನಲ್ಲಿರುವುದನ್ನು ಅಳಿಸಿ. ಯಾರಿಗೂ ತೋರಿಸದೆ, ಕೊನೆಯ ಸಲವೆಂದು ನೀವೂ ನೋಡದೆ, ಈಗಲೇ.