ಮೇಜಿನ ಮ್ಯಾಲ ಮರೆತ ಪ್ಲೇಟು

ನಾ ಮುಳವಾಡದಾಕಿ. ಸುತ್ತಿ ಬಳಸಿ ಮಾತಾಡೋದು ನನ್ನ ಜಾಯಮಾನದಾಗ ಇಲ್ಲ. ಅದರಿಂದ ನನ್ನ ಡಾಕ್ಟರೇಟ್ ಕೈತಪ್ಪೂ ಹೊತ್ತು ಬಂದಿತ್ತು.

ನನ್ನ ಸಂಶೋಧನಿ ಒಂದು ಕಿಣ್ವದ ಮ್ಯಾಲ ಇತ್ತು. ಡಿಎನ್ಎ ಎಳಿ ಎಷ್ಟ ಉದ್ದ ಇರಲಿ, ಅದು ತನ್ನ ಗುರುತಿನ ಎರಡು ಜಾಗಾನ ಹುಡುಕಿ, ಅಲ್ಲೇ ಕತ್ತರಿಸಿ, ನಡುವಿನ ತುಂಡು ತೆಗೆದು, ಉಳಿದ ತುದಿ ಜೋಡಸ್ತೈತಿ. ಆ ಕಿಣ್ವದಾಗ ಒಂದ ಒಂದು ಅಮೈನೋ ಆಮ್ಲ ಬದಲಾದ್ರ ಏನಾಗ್ತೈತಿ ಅಂತ ನೋಡೋದು ನನ್ನ ಕೆಲಸ. ನೀಲಿ ಬಣ್ಣ ಕೊಡೂ ಜೀನ್ ಆ ನಡುವಿನ ತುಂಡಿನಾಗ ಇಟ್ಟಿದ್ದೆ; ಕಿಣ್ವ ದುಡಿದ್ರ, ಬ್ಯಾಕ್ಟೀರಿಯಾ ಬೆಳಸೂ ಪ್ಲೇಟಿನಾಗ ಅದರ ಚುಕ್ಕಿ ಬೆಳ್ಳಗ, ಇಲ್ಲಂದ್ರ ನೀಲಿ. ನಾ ಬದಲು ಮಾಡಿದ ಕಿಣ್ವ ವರ್ಷಗಟ್ಟಲೆ ನೀಲಿನ ಕೊಟ್ಟಿತ್ತು.

"ಇದು ಸತ್ತೈತಿ ತಂಗಿ, ಬಿಸಾಕು, ಹೊಸಾದು ಹಿಡಿ," ಅಂದ್ರು ನಮ್ಮ ಗೈಡ್, ಸಿಂದಗಿ ಕಡೆಯವರು. ಥೀಸಿಸ್ ಕೊಡಾಕ ನನಗ ಉಳಿದಿದ್ದು ಆರ ತಿಂಗಳು.

ಅಷ್ಟರಾಗ ಎಳ್ಳ ಅಮಾಸಿ ಬಂತು. ಅವತ್ತ ಹೊಲಕ್ಕ ಹೋಗಿ ಭೂಮಿತಾಯಿಗೆ ಎಡಿ ಅಡಗಿಯ ಚರಗಾ ಚೆಲ್ಲದಿದ್ರ ನಮ್ಮವ್ವ ವರ್ಷಪೂರ್ತಿ ಮಾತು ಬಿಡ್ತಾಳ! ಬಸ್ ಹಿಡಿಯೂ ಗಡಿಬಿಡ್ಯಾಗ, ಫ್ರಿಜ್‌ನ್ಯಾಗ ಇಡಬೇಕಾದ ಪ್ಲೇಟು ಮೇಜಿನ ಮ್ಯಾಲ ಬಿಟ್ಟು ಓಡಿದೆ.

ಮೂರು ದಿನಕ್ಕ ಬಂದು ನೋಡ್ತೇನಿ, ನೀಲಿ ಚುಕ್ಕಿಗಳ ಅಂಚಿಗೆಲ್ಲಾ ಬಿಳಿ! ಪ್ಲೇಟು ಬೆಳಸೂ ಇನ್‌ಕ್ಯುಬೇಟರಿನ ಬಿಸಿಯೊಳಗ ಆಕಾರ ಕೆಡತಿದ್ದ ಕಿಣ್ವ, ಚಳಿಗಾಲದ ಖೋಲ್ಯಾಗ ಆರಾಮ ಕತ್ತರಿಸಿ ಜೋಡಿಸಿತ್ತು. ಕಡಿಮಿ ಬಿಸಿಯೊಳಗ ಇಟ್ಟು ಮತ್ತ ಮತ್ತ ನೋಡಿದೆ. ಪ್ರತಿ ಸಲ ಬಿಳಿ. ಸತ್ತಿರಲಿಲ್ಲ ನನ್ನ ಕಿಣ್ವ, ಝಳ ತಡಕೊಳ್ತಿರಲಿಲ್ಲ ಅಷ್ಟ. ಕುಣಿದಾಡಿಬಿಟ್ಟೆ.

ಗೈಡ್‌ಗೂ ಖುಷಿ ಆತು. ಆದ್ರ, "ಬೇಕಂತನ ಕಡಿಮಿ ಬಿಸಿಯೊಳಗ ಇಟ್ವಿ ಅಂತ ಬರಿ. ಮರತೆ ಅಂದ್ರ ನಗೆಪಾಟಲಾಗ್ತಿ, ಡಿಗ್ರಿನೂ ಹೋದೀತು," ಅಂದ್ರು. ನಾ ಹಂಗ ಬರೀಲಿಲ್ಲ. ಸುಳ್ಳೂ ಬರೀಲಿಲ್ಲ, ಮರತದ್ದೂ ಬರೀಲಿಲ್ಲ, ಫಲಿತಾಂಶ ಅಷ್ಟ ಬರದೆ.

ಕಡೀಕ ಮೌಖಿಕ ಪರೀಕ್ಷಿ. ಹೊರಗಿಂದ ಬಂದ ಪರೀಕ್ಷಕರು ಕೇಳೇಬಿಟ್ರು: "ಕಡಿಮೆ ಬಿಸಿಯಲ್ಲಿ ನೋಡಬೇಕು ಅಂತ ನಿಮಗೆ ಹೇಗೆ ಹೊಳೆಯಿತಮ್ಮ?"

ತಲಿ ಎತ್ತಿ ಹೇಳಿದೆ: "ಹೊಳೀಲಿಲ್ರಿ ಸರ್. ಚರಗಾ ಚೆಲ್ಲಾಕ ಊರಿಗೆ ಓಡಿದ್ದೆ, ಪ್ಲೇಟು ಮರತಿದ್ದೆ."

ಪರೀಕ್ಷಕರು ಗೈಡ್ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಅಂದ್ರು.

ಗೈಡ್ ಎದ್ದು ನಿಂತ್ರು. "ಗೊತ್ತಿತ್ರಿ. ಮುಚ್ಚಿಡು ಅಂದಾಂವ ನಾನ. ಈಕಿ ನನ್ನ ಮಾತು ಕೇಳಲಿಲ್ಲ. ಅದಕ್ಕ ಡಿಗ್ರಿ ಕೊಡ್ರಿ."